ನಲವತ್ತೆಂಟು ಅಂಕಿ

ಕುಷ್ಟಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಆ ಹೆಣ್ಣುಮಗಳು ಸ್ಕ್ರೂಡ್ರೈವರ್ ತಿರುಗಿಸುತ್ತ ಸದಾ ಅಂಗಡಿ ತುಂಬ ಓಡಾಡುತ್ತಿದ್ದರು. ಯಾರು ಗಡಿಬಿಡಿ ಮಾಡಿದರೂ ಒಂದೇ ಮಾತು: “ಅವಸರ ನನಗೂ ಐತ್ರಿ. ಮೊದ್ಲ ಚಿಪ್ ನೋಡೂಣು.”

ಹೊಸ ವಿಂಡೋಸ್ ಹಾಕಿಸಲು ಲ್ಯಾಪ್‌ಟಾಪ್ ಒಯ್ದಿದ್ದೆ. ಅದರಲ್ಲಿ ಯಲಬುರ್ಗಾ ಸುತ್ತಿನ ಮುದುಕಿಯರಿಂದ ನಾನು ಹಾಡಿಸಿ ರೆಕಾರ್ಡ್ ಮಾಡಿಕೊಂಡ ಸೋಬಾನ ಪದಗಳಿದ್ದವು. ಹಾಡಿದವರಲ್ಲಿ ಹಲವರು ಈಗಿಲ್ಲ.

ಹೊಸ ವಿಂಡೋಸಿಗೆ ಬೇಕಾದ ಭದ್ರತೆಯ ಚಿಪ್ ಪರೀಕ್ಷಿಸಿ ಅವರು ಹೇಳಿದರು: “ಇದನ್ನ ಅಪ್‌ಡೇಟ್ ಮಾಡಬೇಕ್ರಿ ಸರ್. ಆದ್ರ ನಿಮ್ಮ ಡಿಸ್ಕಿಗೆ ಬೀಗ ಬಿದ್ದೈತಿ. ಚಿಪ್ ಬದಲಾತಂದ್ರ ಕೀಲಿ ನಂಬರ್ ಕೇಳತೈತಿ, ಇಲ್ಲಾಂದ್ರ ಒಳಗಿದ್ದದ್ದು ಸಿಗಂಗಿಲ್ಲ. ಬರದಿಟ್ಟೀರೇನು?”

“ನಾ ಬೀಗ ಹಾಕೇ ಇಲ್ರಿ. ಲಗೂ ಮಾಡ್ರಿ ಮೇಡಂ, ಬಸ್ ಹೊಂಟೈತಿ.”

“ಮಷೀನ್ ತಾನ ಹಾಕ್ಕೊಂಡೈತಿ. ನಂಬರ್ ಸಿಗೂತನಕ ನಾ ಮುಟ್ಟಂಗಿಲ್ಲ.”

ಸಿಟ್ಟಿನಲ್ಲೇ ಮೊಬೈಲಿನಲ್ಲಿ ನನ್ನ ವಿಂಡೋಸ್ ಖಾತೆ ತೆರೆದು ಹುಡುಕಿದೆ. ಎರಡು ಬಸ್ಸು ತಪ್ಪಿದ ಮೇಲೆ ನಲವತ್ತೆಂಟು ಅಂಕಿಯ ನಂಬರ್ ಸಿಕ್ಕಿತು. ಚಿಪ್ ಅಪ್‌ಡೇಟ್ ಆಗಿ ಲ್ಯಾಪ್‌ಟಾಪ್ ಮತ್ತೆ ಚಾಲೂ ಆದಾಗ ನೀಲಿ ಪರದೆ ಅದನ್ನೇ ಕೇಳಿತು. ಒಂದೊಂದೇ ಅಂಕಿ ಓದಿದೆ, ಅವರು ಒತ್ತಿದರು. ಬೀಗ ತೆರೆಯಿತು, ಪರದೆಯ ಮೇಲೆ ಸೋಬಾನ ಪದಗಳ ಫೋಲ್ಡರ್ ಕಂಡಿತು.

“ಇನ್ನ ವಿಂಡೋಸ್ ಹಾಕ್ರಿ,” ಎಂದೆ.

ಅವರು ಬೇಡವೆಂದು ತಲೆಯಾಡಿಸಿದರು. “ಮೊದ್ಲ ಹಾಡು ಇನ್ನೊಂದು ಡಿಸ್ಕಿಗೆ ಇಳೀಲಿ ಸರ್. ನಮ್ಮವ್ವನ ದನಿ ನಾ ಹಿಂಗ ಕಳಕೊಂಡೀನಿ.”