ಚೌಕಾ ಬಿದ್ದ ಮಧ್ಯಾಹ್ನ

ಆಗಿನ ಹೋಬೋಕನ್‌ನಲ್ಲಿ ಒಂದೂ ಇಂಡಿಯನ್ ಅಂಗಡಿ ಇರಲಿಲ್ಲ. ಆದರೆ ನಮ್ಮ ಕಟ್ಟಡದಲ್ಲಿ ಎರಡು ಇಂಡಿಯನ್ ಮನೆಗಳಿದ್ದವು. ಧಾರವಾಡದಿಂದ ಬಂದ ನಮ್ಮದೊಂದು, ಎದುರಿಗೆ ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನಾಂಗದ ಡೋರಾ ಆಂಟಿಯದು. ಆಕೆಯ ಗಂಡ ನದಿಯಾಚೆ ಮ್ಯಾನ್‌ಹ್ಯಾಟನ್‌ನಲ್ಲಿ ಏಳುತ್ತಿದ್ದ ಜೋಡಿ ಗೋಪುರಗಳ ಉಕ್ಕಿನ ತೊಲೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಟಪಾಲಿನವನು ಅವರ ಕಾಗದಗಳನ್ನು ನಮಗೇ ತಂದು ಹಾಕುತ್ತಿದ್ದ. ದಾರಿ ತಪ್ಪಿದವನು ಕೊಲಂಬಸ್, ಟಪಾಲು ಹಂಚುವ ಪಾಡು ನಮ್ಮದು ಎಂದು ಅಪ್ಪ ನಗುತ್ತಿದ್ದರು.

ಡೋರಾ ಆಂಟಿಯ ಮಗಳು ರೂತ್ ನನ್ನ ವಾರಿಗೆಯವಳು. ಸ್ಕೂಲು ಬಿಟ್ಟರೆ ಒಗ್ಗರಣೆಯ ಘಮದ ನಮ್ಮ ಅಡುಗೆಮನೆಯಲ್ಲೇ ಇರುತ್ತಿದ್ದಳು. ಅವ್ವ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದುಕೊಟ್ಟಿದ್ದಳು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ‘ಚೌಕಾ’ ಎಂದು ಕೂಗಬೇಕು. ಕೂಗುವುದರಲ್ಲಿ ರೂತ್ ನನಗಿಂತ ಒಂದು ಕೈ ಮೇಲು.

ಆ ಚಳಿಗಾಲ ಡೋರಾ ಆಂಟಿ ಮ್ಯಾನ್‌ಹ್ಯಾಟನ್‌ನ ಪ್ರತಿಭಟನೆಯ ಮೆರವಣಿಗೆಗಳಿಗೆ ಹೋಗತೊಡಗಿದಳು. ಮನೆ ಸರಿಯಿಲ್ಲವೆಂಬ ನೆಪ ಹೇಳಿ ಅವರ ಜನರ ಮಕ್ಕಳನ್ನು ಸರ್ಕಾರದವರು ಕರೆದೊಯ್ದು ಬಿಳಿಯರ ಮನೆಗಳಿಗೆ ಕೊಡುತ್ತಿದ್ದರು. ಹಾಗೆ ಹೋದ ಆಕೆಯ ತಂಗಿಯ ಮಗ ತಿರುಗಿ ಬಂದಿರಲಿಲ್ಲ. ಅಪ್ಪನಿಗೆ ದಿಗಿಲು. “ನಮ್ಮ ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ಅವರ ಜಗಳದಾಗ ನೀ ಬೀಳಬ್ಯಾಡ” ಎಂದು ಅವ್ವನಿಗೆ ಹೇಳಿದ್ದರು.

ಒಂದು ಮಧ್ಯಾಹ್ನ ಡೋರಾ ಆಂಟಿ ಮೆರವಣಿಗೆಗೆ ಹೋಗಿದ್ದಳು. ಅವ್ವ ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ, ಜಡೆ ಹೆಣೆದು, ಕುಂಕುಮವಿಟ್ಟು ಆಟಕ್ಕೆ ಬಿಟ್ಟಿದ್ದಳು. ಎದುರುಮನೆಯ ಬಾಗಿಲು ಬಡಿದು ಸಾಕಾಗಿ ಸರ್ಕಾರಿ ಕಚೇರಿಯ ಹೆಂಗಸೊಬ್ಬಳು ನಮ್ಮ ಬಾಗಿಲು ಬಡಿದಳು. ಹಿಂದೆ ಪೊಲೀಸಿನವನು. ಆ ಇಂಡಿಯನ್ ಹುಡುಗಿ ಎಲ್ಲಿ ಎಂದಳು.

“ವೀ ಆಲ್ ಇಂಡಿಯನ್. ಬೋತ್ ಮೈ ಡಾಟರ್ಸ್” ಎಂದಳು ಅವ್ವ.

ಆ ಹೆಂಗಸು ಒಳಗೆ ಬಂದು, ರೂತ್ ಮುಂದೆ ಬಗ್ಗಿ ಹೆಸರೇನೆಂದು ಕೇಳಿದಳು. ರೂತ್ ತಲೆ ಎತ್ತದೆ ಕವಡೆ ಎಸೆದಳು.

“ಚೌಕಾ.”

ಬಿದ್ದದ್ದು ಬರೀ ಎರಡು. ಕಳ್ಳಾಟಕ್ಕೆ ದಿನವೂ ಜುಟ್ಟು ಹಿಡಿಯುತ್ತಿದ್ದ ನಾನು ತುಟಿ ಬಿಚ್ಚಲಿಲ್ಲ.

ಚೆಂದದ ಹೆಸರು ಎಂದು ಇಂಗ್ಲಿಷಿನಲ್ಲಿ ಹೇಳಿ ಆಕೆ ಮೆಟ್ಟಿಲಿಳಿದಳು. ಅವ್ವ ಬಾಗಿಲಿಗೆ ಚಿಲಕ ಹಾಕಿದಳು.

ಆ ವಾರವೇ ಡೋರಾ ಆಂಟಿಯವರು ಉತ್ತರಕ್ಕೆ, ತಮ್ಮವರ ಊರಿಗೆ ಹೊರಟಾಗ ಪೆಟ್ಟಿಗೆಗಳನ್ನು ಕೆಳಗಿಳಿಸಿದವರು ಅಪ್ಪನೇ. ರೂತ್ ಒಂದು ಕವಡೆ ಒಯ್ದಳು.

ಆ ಗೋಪುರಗಳು ಈಗಿಲ್ಲ. ಅವ್ವನೂ ಇಲ್ಲ. ಮೂರು ಕವಡೆ ನನ್ನ ಹತ್ತಿರ ಉಳಿದಿವೆ; ಮೂರರಲ್ಲಿ ಚೌಕಾ ಬೀಳುವುದಿಲ್ಲ. ಈಗಿನ ನನ್ನ ಕಟ್ಟಡದ ತುಂಬ ಇಂಡಿಯನ್ ಮನೆಗಳೇ. ಎದುರುಮನೆಯಲ್ಲೊಂದು ಹುಡುಗಿ ಇದೆ. ಯಾರಾದರೂ ಬಂದು ಕೇಳಿದರೆ ನನ್ನ ಮಗಳೆಂದು ಹೇಳೋಣವೆಂದರೆ, ಅದರ ಹೆಸರೇ ನನಗೆ ಗೊತ್ತಿಲ್ಲ.