ಅಕ್ಕನ ಒಳ್ಳೆ ಫ್ಯಾಟು

ಹಾಲಿಗೆ ಆಸಿಡ್ ಸೇರಿದಾಗ ಒಂದು ವಾಸನೆ ಬರುತ್ತೆ. ಸೀದ ಹಾಲಿನ ವಾಸನೆಯಂತೆ ಶುರುವಾಗಿ, ಆಮೇಲೆ ಗಂಟಲಿಗೆ ಹೋಗಿ ಕೂತುಬಿಡುತ್ತೆ. ಕಳೆದ ತಿಂಗಳು ತಂಗಿಯ ಮಗಳನ್ನು ಡೈರಿ ಕಾಲೇಜಿಗೆ ಸೇರಿಸಲು ಹಾಸನಕ್ಕೆ ಹೋಗಿದ್ದೆ. ಅಲ್ಲಿನ ಪ್ರಯೋಗಾಲಯದ ಬಾಗಿಲು ದಾಟುವಾಗ ಅದೇ ವಾಸನೆ ಬಂತು. ಹುಡುಗಿ ಮೂಗು ಮುಚ್ಚಿಕೊಂಡು ಮುಂದೆ ಓಡಿದಳು. ನಾನು ಅಲ್ಲೇ ನಿಂತೆ... ಬಾಗೂರು ಬಿಟ್ಟ ಮೇಲೆ ಆ ವಾಸನೆ ಮೂಗಿಗೆ ಬಿದ್ದಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಾಗೂರಿನ ಪ್ರೈಮರಿ ಸ್ಕೂಲಿಗೆ ಟೀಚರಾಗಿ ಹೋದೆ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಬೆಳೆದವಳು, ಮೂಗಿನ ತುದಿಯಲ್ಲೇ ಕೋಪ. ಯಾರ ಮನೆಯಲ್ಲಿ ಬಾಡಿಗೆಗಿದ್ದರೂ ಮೂರು ತಿಂಗಳಿಗೆ ಜಗಳ ಗ್ಯಾರಂಟಿ ಅಂತ ನಮ್ಮಮ್ಮ ಹೇಳಿಯೇ ಕಳಿಸಿದ್ದರು. ಆದರೆ ಬಾಗೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಜಗಳಕ್ಕೆ ಜಾಗವೇ ಸಿಗಲಿಲ್ಲ. ಮನೆಯ ಯಜಮಾನರು ಊರಿನ ಹಾಲಿನ ಸೊಸೈಟಿಯಲ್ಲಿ ಹಾಲು ಟೆಸ್ಟ್ ಮಾಡುತ್ತಿದ್ದರು. ಊರಿಗೆಲ್ಲ ಅವರು ಡೈರಿ ಅಣ್ಣ, ನನಗೂ ಅಣ್ಣನೇ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ನಾನು ಮಾಡಿದ ಸಾರನ್ನು ಅಕ್ಕ ಅಂಗೈಗೆ ಹಾಕಿಸಿಕೊಂಡು ನೆಕ್ಕಿ, “ಇದ್ಯಾವ ಸಾರು ಮೇಡಂ? ನಿಮ್ಮೂರ್ ಹೊಳೆ ನೀರಿಗೇ ಉಪ್ಪಾಕ್ದಂಗೈತಲ್ಲ!” ಅನ್ನೋರು. ಮರುದಿನ ಅವರೇ ಒಂದು ಬಟ್ಟಲು ಹುಳಿ ತಂದಿಡೋರು.

ಡೈರಿ ಮನೆಗೆ ಅಂಟಿಕೊಂಡ ಹಾಗೇ ಇತ್ತು. ಅಣ್ಣ ಒಬ್ಬೊಬ್ಬರ ಹಾಲನ್ನೂ ಸ್ವಲ್ಪ ತೆಗೆದು, ಗಾಜಿನ ಬುಡ್ಡಿಯಲ್ಲಿ ಆಸಿಡ್ಡಿಗೆ ಬೆರೆಸಿ, ಮಿಷನ್ನಿಗೆ ಹಾಕಿ ಗಿರಗಿರ ತಿರುಗಿಸೋರು. ಬುಡ್ಡಿಯ ಸಣ್ಣ ಕತ್ತಿನಲ್ಲಿ ಫ್ಯಾಟು, ಅಂದರೆ ಹಾಲಿನ ಕೊಬ್ಬು, ಹಳದಿಯಾಗಿ ಮೇಲೆ ಬಂದು ನಿಲ್ಲೋದು. ಫ್ಯಾಟು ಜಾಸ್ತಿ ಇದ್ದ ಹಾಲಿಗೆ ಬೆಲೆ ಜಾಸ್ತಿ. ಕಡಿಮೆ ಬಂದವರು ಜಗಳಕ್ಕೆ ನಿಲ್ಲೋರು. “ನಿನ್ ಮಿಷನ್ನೇ ಸರಿಯಿಲ್ಲ ಕಣಣ್ಣ!” ಅಣ್ಣನ ಉತ್ತರ ಯಾವಾಗಲೂ ಒಂದೇ. “ಮಿಷನ್ ಯಾಕ್ಲಾ ಸುಳ್ ಹೇಳ್ತೈತೆ? ದನಕ್ಕೆ ಹಿಂಡಿ ತಿನ್ಸು, ಫ್ಯಾಟು ತಾನಾಗೇ ಬತ್ತೈತೆ.” ಸ್ವಂತ ತಮ್ಮನ ಹಾಲಿಗೂ ಇದ್ದದ್ದಕ್ಕಿಂತ ಹೆಚ್ಚು ಬರೆದವರಲ್ಲ. ಆ ಸಿಟ್ಟಿಗೆ ತಮ್ಮ ಇವರ ಜೊತೆ ಮಾತು ಬಿಟ್ಟಿದ್ದ, ಅಣ್ಣ ಅದಕ್ಕೂ ತಲೆ ಕೆಡಿಸಿಕೊಂಡಿರಲಿಲ್ಲ.

ಅಕ್ಕನಿಗೆ ಇನ್ನೂ ನಲವತ್ತಾಗಿರಲಿಲ್ಲ. ತೆಳ್ಳಗಿನ ಹೆಂಗಸು, ಹುಲ್ಲಿನ ಹೊರೆ ಹೊತ್ತುಕೊಂಡೇ ನಗುತ್ತಾ ಬರೋರು. ಒಂದು ಬೇಸಿಗೆಯಿಂದ ಹೊರೆ ಇಳಿಸಿ ಜಗುಲಿಯ ಮೇಲೆ ಕೂರತೊಡಗಿದರು. ಏದುಸಿರು. ತುಟಿ ನೇರಳೆಹಣ್ಣು ತಿಂದವರ ಹಾಗೆ ಕಪ್ಪಿಟ್ಟಿರುತ್ತಿತ್ತು. ರಕ್ತ ಇಲ್ಲ ಅಂದರು ಕೆಲವರು, ಗೂರಲು, ಉಬ್ಬಸ ಅಂದರು ಕೆಲವರು. ಚನ್ನರಾಯಪಟ್ಟಣದಲ್ಲಿ ಟಾನಿಕ್ ಕೊಟ್ಟರು. ಒಂದು ದಿನ ಡೈರಿ ಬಾಗಿಲಲ್ಲೇ ತಲೆಸುತ್ತಿ ಬಿದ್ದರು. ಆಗ ಅಣ್ಣ ಹಾಸನಕ್ಕೆ ಹೊರಡಿಸಿದರು. ಡಾಕ್ಟರ ಮಾತು ತಿಳಿಯೋಕೆ ಇರಲಿ ಅಂತ ನನ್ನನ್ನೂ ಕರೆದುಕೊಂಡರು.

ಅಲ್ಲಿನ ಡಾಕ್ಟರು ಒಳ್ಳೆಯವರು, ಮುಚ್ಚಿಡಲಿಲ್ಲ. “ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳು ಒಳಗೊಳಗೇ ದಪ್ಪಗಾಗಿ ದಾರಿ ಕಿರಿದಾಗ್ತಾ ಇದೆ. ಹೃದಯಕ್ಕೆ ಅಷ್ಟು ಜೋರಾಗಿ ತಳ್ಳೋಕೆ ಆಗ್ತಿಲ್ಲ. ತುಂಬಾ ಅಪರೂಪದ ಕಾಯಿಲೆ. ಇದನ್ನ ವಾಸಿ ಮಾಡೋ ಔಷಧಿ ಇಲ್ಲ” ಅಂದರು. ಬೆಂಗಳೂರಿನ ಒಂದು ಆಸ್ಪತ್ರೆಗೆ ಬರೆದುಕೊಟ್ಟರು. ಆಮೇಲೆ ರಕ್ತದ ರಿಪೋರ್ಟ್ ತಿರುವುತ್ತಾ, “ಎಚ್‌ಡಿಎಲ್, ಒಳ್ಳೆ ಫ್ಯಾಟೂ ಬಹಳ ಕಡಿಮೆ ಇದೆಯಲ್ಲ” ಅಂದರು, ತಮಗೆ ತಾವೇ ಅಂದುಕೊಳ್ಳುವ ಹಾಗೆ.

ಅಣ್ಣ ತಲೆ ಎತ್ತಿದರು. “ಫ್ಯಾಟಾ ಸಾ?”

ಬೆಂಗಳೂರಿಗೂ ಹೋಗಿ ಬಂದರು, ಅಲ್ಲೂ ಅದೇ ಮಾತು. ಆದರೆ ಅಣ್ಣನ ಮುಖದಲ್ಲಿ ಏನೋ ಧೈರ್ಯ ಬಂದುಬಿಟ್ಟಿತ್ತು. ಮುಳುಗೋನಿಗೆ ಹುಲ್ಲುಕಡ್ಡಿ ಆಸರೆ ಅಂತಾರಲ್ಲ... ನಾಳ, ಹೃದಯ ಎಲ್ಲ ಅವರಿಗೆ ತಿಳಿಯದ ಲೋಕ. ಫ್ಯಾಟು ಗೊತ್ತಿತ್ತು. “ಕಮ್ಮಿಯಾಗಿರೋದು ಫ್ಯಾಟ್ ತಾನೇ ಮೇಡಂ? ಅದ್ನ ನಾನ್ ಬರುಸ್ತೀನಿ” ಅಂದರು.

ಅವತ್ತಿನಿಂದ ಬೆಣ್ಣೆ, ತುಪ್ಪ, ಹುರಿದ ಕಡಲೆಕಾಯಿ, ಕೊಬ್ಬರಿ. ಡೈರಿಯ ಬಾಗಿಲು ಹಾಕಿ ಬಂದು ಅಕ್ಕನ ಎದುರು ಕೂತು ತಾವೇ ಮುದ್ದೆಗೆ ತುಪ್ಪ ಹಾಕಿ ತುತ್ತು ಮಾಡಿ ಕೊಡೋರು. ಅಕ್ಕನ ಕಾಲು ಊದಿಕೊಂಡಿತ್ತು, ಹೊಟ್ಟೆ ಬಿಗಿದಿತ್ತು, ಅನ್ನ ಕಂಡರೆ ಓಕರಿಕೆ. ಆದರೂ ತಿನ್ನೋರು. ಅಣ್ಣ ಎದ್ದು ಹೋದ ಮೇಲೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ, ಮೇಲೆ ಬಂದದ್ದನ್ನು ಒಳಗೇ ನುಂಗಿಕೊಳ್ಳೋರು. ನನಗೆ ನೋಡಿ ಸಿಟ್ಟು ಬಂತು. ಡಾಕ್ಟರು ತುಪ್ಪ ತಿನ್ನಿಸಿ ಅಂದಿರಲೇ ಇಲ್ಲ. ಅಣ್ಣನಿಗೆ ಎರಡು ಸಲ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

“ನೀವಾದ್ರೂ ಬೇಡ ಅನ್ನಬಾರದಾ ಅಕ್ಕ?” ಅಂತ ರೇಗಿದೆ.

ಅಕ್ಕ ಉಸಿರು ಹಿಡಿದು ಹಿಡಿದು ಅಂದರು. “ಅನ್ನೋದ್ ಏನ್ ಕಷ್ಟ ಮೇಡಂ... ಬ್ಯಾಡ ಅಂದ್ಬುಟ್ರೆ, ಆಮೇಲೆ ಅವ್ರ್ ಏನ್ ಮಾಡ್ತಾರೆ?”



ಸ್ವಲ್ಪ ದಿನ ಬಿಟ್ಟು ಮತ್ತೆ ರಕ್ತ ತೆಗೆಸಿದರು. ರಿಪೋರ್ಟ್ ತರಲು ಅಣ್ಣನ ಜೊತೆ ನಾನೇ ಹಾಸನಕ್ಕೆ ಹೋದೆ. ಒಳ್ಳೆ ಫ್ಯಾಟು ಇನ್ನೂ ಇಳಿದಿತ್ತು. ಅಣ್ಣ ಲ್ಯಾಬಿನ ಕಿಟಕಿಗೆ ಬಗ್ಗಿ ಅಂದದ್ದನ್ನು ನಾನು ಸಾಯೋವರೆಗೂ ಮರೆಯಲಾರೆ. “ಸಾ, ನಿಮ್ ಮಿಷನ್ ಸರಿಯಿಲ್ಲ. ಇನ್ನೊಂದ್ ಸಲ ನೋಡಿ ಸಾ.” ಡಾಕ್ಟರು ಒಳಗೆ ಕರೆದು ಕೂರಿಸಿದರು. ಅದು ತಿಂದರೆ ಬರುವಂಥದಲ್ಲ, ಕಾಯಿಲೆ ಬಲಿತ ಹಾಗೆ ಇಳಿಯುತ್ತಿದೆ ಅಂತ ಕಾಣುತ್ತೆ, ಉಪ್ಪು ಕಡಿಮೆ ಮಾಡಿ, ಅವರಿಗೆ ಸೇರಿದ್ದನ್ನು ಸೇರಿದಷ್ಟೇ ಕೊಡಿ, ಅಂದರು. ಬಸ್ಸಿನಲ್ಲಿ ಅಣ್ಣ ರಿಪೋರ್ಟನ್ನು ಸಣ್ಣಗೆ ಮಡಿಸಿ ಒಳಜೇಬಿಗೆ ಇಟ್ಟುಕೊಂಡರು.

ಜಗುಲಿಯ ಮೇಲೆ ಅಕ್ಕ ಕಾಯುತ್ತಿದ್ದರು. “ಎಷ್ಟ್ ಬಂತು?”

“ಏರೈತೆ ಕಣೆ” ಅಂದರು ಅಣ್ಣ.

“ನಾನೇಳ್ಲಿಲ್ವಾ, ನಿಮ್ ಕೈಗುಣ” ಅಂತ ಅಕ್ಕ ನಕ್ಕರು. ಅವತ್ತು ತಟ್ಟೆಗೆ ತುಪ್ಪ ಬಡಿಸಲು ಅಣ್ಣನ ಕೈ ಬರಲಿಲ್ಲ. ಅಕ್ಕನೇ ತಟ್ಟೆ ಮುಂದೆ ಹಿಡಿದು, “ಯಾಕೆ, ಏರಿದ್ ತಕ್ಷಣ ಜಿಪುಣರಾಗ್ಬುಟ್ರಾ? ಹಾಕಿ” ಅಂದರು. ನಾನು ಎದ್ದು ನನ್ನ ರೂಮಿಗೆ ಹೋಗಿ ಅತ್ತೆ.

ಮರುದಿನ ನಾನು ಅವರ ತಲೆ ಬಾಚಿಕೊಡುವಾಗ ಅಕ್ಕ ಮೆಲ್ಲಗೆ ಹೇಳಿದರು. “ಅವ್ರಿಗೆ ಸುಳ್ ಹೇಳಾಕ್ ಬರಲ್ಲ ಮೇಡಂ, ಕಿವಿ ಕೆಂಪಗಾಯ್ತೈತೆ. ನಂಗ್ ಗೊತ್ತಾಯ್ತು ಅಂತ ಮಾತ್ರ ಹೇಳ್ಬ್ಯಾಡಿ. ಆಣೆ ಮಾಡಿ.” ಆಣೆ ಮಾಡಿದೆ. ಮಳೆಗಾಲ ಕಳೆಯುವ ಮುಂಚೆ ಅಕ್ಕ ಹೋಗಿಬಿಟ್ಟರು.

ನನಗೆ ಅರಕಲಗೂಡಿನ ಕಡೆಗೆ ವರ್ಗವಾಯಿತು. ಎರಡು ಸಾವಿರನೇ ಇಸವಿ ದಾಟಿದ ಮೇಲೆ ಒಂದು ಸಂಜೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಸಿಕ್ಕರು. ಡೈರಿ ಕೆಲಸ ಬಿಟ್ಟಿದ್ದರು. ಅದೂ ಇದೂ ಮಾತಾಡಿ, ಬಸ್ಸು ಬರುವ ಹೊತ್ತಿಗೆ ನನ್ನ ಕಡೆ ನೋಡದೆ ಕೇಳಿದರು. “ಮೇಡಂ, ಏರೈತೆ ಅಂತ ಅಂದ್ನಲ್ಲ ಅವತ್ತು... ಅದು ಸುಳ್ಳು ಅಂತ ಅವಳಿಗೆ ಗೊತ್ತಾಗಿತ್ತಾ?”

ಆಣೆ ನೆನಪಾಯಿತು. “ಇಲ್ಲ ಅಣ್ಣ. ನಂಬಿಕೊಂಡೇ ಹೋದರು” ಅಂದೆ.

“ಸದ್ಯ” ಅಂದು ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಸ್ಸು ಹತ್ತಿದರು. ಅದೇ ಕೊನೆ. ಕೆಲವು ವರ್ಷಕ್ಕೆ ಅವರೂ ಹೋದರು ಅಂತ ಯಾರೋ ಹೇಳಿದರು.

ಈಗ ನನ್ನ ಹಳೆಯ ಶಿಷ್ಯೆಯೊಬ್ಬಳು ಶ್ವಾಸಕೋಶದ ಡಾಕ್ಟರಾಗಿದ್ದಾಳೆ. ಹಾಸನದಿಂದ ಬಂದ ಮೇಲೆ ಅವಳಿಗೆ ಫೋನ್ ಮಾಡಿ ಕೇಳಿದೆ. ಈ ಕಾಯಿಲೆಯವರ ರಕ್ತದಲ್ಲಿ ಕೊಬ್ಬಿನ ಲೆಕ್ಕ ತಪ್ಪೋದು ನಿಜವಂತೆ. ಅದು ಕಾಯಿಲೆಗೆ ಕಾರಣವೋ, ಕಾಯಿಲೆಯ ಫಲವೋ, ಇನ್ನೂ ಹುಡುಕುತ್ತಲೇ ಇದ್ದಾರಂತೆ. ಈಗ ಒಂದಿಷ್ಟು ಔಷಧಿಗಳೂ ಬಂದಿವೆಯಂತೆ. ಅಕ್ಕನ ಕಾಲಕ್ಕೆ ಇವು ಇದ್ದಿದ್ದರೆ ಅಂತ ಕೇಳಲು ಹೊರಟವಳು ಕೇಳದೆ ಫೋನ್ ಇಟ್ಟೆ.

ಆಮೇಲೆ ಹೊಳೆದದ್ದು ಬೇರೆ. ಆಣೆ ಉಳಿಸಿಕೊಂಡೆ ಅಂತ ಇಷ್ಟು ವರ್ಷ ಸಮಾಧಾನವಾಗಿದ್ದೆ. ಅಣ್ಣನಿಗೆ ನಿಜ ಹೇಳಬೇಕಿತ್ತು. ಅಕ್ಕನಿಗೆ ಎಲ್ಲ ಗೊತ್ತಿತ್ತು ಅಣ್ಣ, ಗೊತ್ತಿದ್ದೂ ನಿಮ್ಮ ಕೈತುತ್ತು ತಿಂದರು ಅಂತ ಹೇಳಬೇಕಿತ್ತು. ಈಗ ಹೇಳೋಣವೆಂದರೆ ಆ ಮನೆಯಲ್ಲಿ ಯಾರೂ ಇಲ್ಲ.