ಎಂಜಿನ್ ಪೆಟ್ಟಿಗೆಯ ಮೇಲೆ ತಿಮ್ಮೇಶಣ್ಣನ ಅಂಗೈ

ಲಕ್ಕವಳ್ಳಿಯ ಹಿನ್ನೀರಿನಲ್ಲಿ ಇಪ್ಪತ್ತೊಂದು ವರ್ಷ ಪ್ರವಾಸಿಗರ ಬೋಟ್ ಓಡಿಸಿದ ತಿಮ್ಮೇಶಣ್ಣನ ಕೆಲಸ ಹೋಗಿದ್ದು ನನ್ನಿಂದ. ಜನ ಬೇರೆ ಬೇರೆ ಕಾರಣ ಹೇಳುತ್ತಾರೆ. ವಯಸ್ಸಾಯಿತು ಅನ್ನುತ್ತಾರೆ, ಹಣೆಬರಹ ಅನ್ನುತ್ತಾರೆ. ಹಣೆಬರಹ ಬಂದು ಫೋಮ್ ಅಂಟಿಸಲಿಲ್ಲ. ಅಂಟಿಸಿದವನು ನಾನು.

ಅವನು ನೀರಿನ ಕಡೆಯವನೇ ಅಲ್ಲ. ಅಜ್ಜಂಪುರದ ಆಚೆ, ಈರುಳ್ಳಿ ಬೆಳೆಯುವ ಬಯಲುಸೀಮೆಯವನು. ಚಿಕ್ಕಂದಿನಲ್ಲಿ ಅಲ್ಲಿ ಡೀಸೆಲ್ ಪಂಪ್‌ಸೆಟ್ ನೋಡಿಕೊಳ್ಳುತ್ತಿದ್ದ. ಆಮೇಲೆ ತರೀಕೆರೆ ಹತ್ತಿರ ಜಲ್ಲಿ ಕ್ರಷರ್‌ನಲ್ಲಿ ಕೆಲವು ವರ್ಷ. ಆಮೇಲೆ ಬೋಟು. ಒಟ್ಟಿನಲ್ಲಿ ಹುಟ್ಟಿದಾಗಿನಿಂದ ಎಂಜಿನ್ನಿನ ಪಕ್ಕದಲ್ಲೇ ಕೂತವನು. ಅಂಥವನ ಕಿವಿ ಉಳಿಯುವುದು ಹೇಗೆ? ಈಗ ಇಷ್ಟು ಸುಲಭವಾಗಿ ತೋಚುತ್ತದೆ. ಆಗ ತೋಚಲಿಲ್ಲ.

ಅವನಿಗೆ ಕಿವಿ ಪೂರ್ತಿ ಹೋಗಿ ಮೂರು ವರ್ಷ ಆಗಿತ್ತಂತೆ. ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿ ಹೇಮಾವತಕ್ಕನಿಗೆ ಮಾತ್ರ. ಕಿವುಡನ ಕೈಗೆ ಜನ ತುಂಬಿದ ಬೋಟ್ ಯಾರು ಕೊಡುತ್ತಾರೆ? ಅದಕ್ಕೇ ಮುಚ್ಚಿಟ್ಟಿದ್ದರು. ಮುಚ್ಚಿಡುವುದು ಕಷ್ಟವೂ ಆಗಿರಲಿಲ್ಲ, ಏಕೆಂದರೆ ಆ ಬೋಟಿನಲ್ಲಿ ಎಂಜಿನ್ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಸನ್ನೆ ಮಾಡುವವರೇ. ದಡಕ್ಕೆ ಬಂದರೆ ಅವನು ದೂರ ಹೋಗಿ ಒಬ್ಬನೇ ಕೂರುತ್ತಿದ್ದ. ಜಂಭದವನು ಅಂದುಕೊಂಡಿದ್ದೆವು. ಫೋನ್ ಮಾಡಿದರೆ ಹೇಮಾವತಕ್ಕನೇ ಎತ್ತಿ, "ಅವ್ರು ನೀರ್ ಮೇಲವ್ರೆ ಕಣಣ್ಣ, ಸಿಗ್ನಲ್ ಇಲ್ಲ" ಅನ್ನುತ್ತಿದ್ದಳು.

ಆದರೆ ನೀರನ್ನು ಅವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ಒಳಗಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಯಾವ ಬೊಡ್ಡೆ ಎಷ್ಟು ಮೊಳ ಕೆಳಗಿದೆ ಅನ್ನುವುದು ಅವನಿಗೆ ಬಾಯಿಪಾಠ. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಅಂಗೈ ಎಂಜಿನ್ ಪೆಟ್ಟಿಗೆಯ ಮುಚ್ಚಳದ ಮೇಲೆ. ಯಾವಾಗಲೂ ಹಾಗೇ. ಚಳಿಗೆ ಕೈ ಕಾಯಿಸಿಕೊಳ್ಳುತ್ತಾನೆ ಅಂತ ನಾವು ತಮಾಷೆ ಮಾಡುತ್ತಿದ್ದೆವು.

ಬೋಟಿನ ಮಾಲೀಕ ಕಡೂರಿನ ಚಂದ್ರಶೇಖರಪ್ಪ, ಕೊಬ್ಬರಿ ವ್ಯಾಪಾರದವರು. ಹೋದ ವರ್ಷ ಬೇಸಿಗೆಯ ಮೊದಲು ನನ್ನ ತರೀಕೆರೆಯ ಅಂಗಡಿಗೆ ಬಂದರು. ನಾನು ಟಿಲ್ಲರ್, ಡೀಸೆಲ್ ಎಂಜಿನ್ ರಿಪೇರಿಯವನು.

"ಓಂಕಾರೇಶಾ, ಕ್ಯಾಮೆರಾದೋರು ಬಯ್ತಾ ಅವ್ರೆ ಕಣೋ. ನಡುಗಡ್ಡೆ ಹತ್ರ ಹೋಗೋ ಅಷ್ಟ್ರಲ್ಲಿ ಹಕ್ಕಿಯೆಲ್ಲ ಎದ್ದು ಹೋಗ್ತವಂತೆ. ಈ ಸದ್ದಿಗೆ ಏನಾರ ಮಾಡು."

ಹೋಗಿ ಮುಚ್ಚಳ ಎತ್ತಿದೆ. ಸದ್ದು ತಡೆಯಲು ಒಳಗೆ ಅಂಟಿಸಿದ್ದ ಫೋಮ್ ಸತ್ತು ಎಷ್ಟು ಕಾಲವಾಗಿತ್ತೋ. ಮುಟ್ಟಿದರೆ ಪುಡಿ, ಡೀಸೆಲ್ ಕುಡಿದ ಕಡೆ ಹಳೆಯ ಬೆಲ್ಲದ ಹಾಗೆ ಅಂಟು. ಹಿಂದೆ ಯಾರೋ ತಿಳಿಗೇಡಿ ಕುಶನ್ ಅಂಗಡಿಯ ಸ್ಪಂಜನ್ನೇ ತಂದು ತುರುಕಿದ್ದ. ಸೀಟಿಗೆ ಹಾಕುವ ಸ್ಪಂಜು ಎಣ್ಣೆಯನ್ನೂ ಕುಡಿಯುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ನಾನು ಬೆಂಗಳೂರಿನಿಂದ ಸರಿಯಾದ ಮಾಲನ್ನೇ ತರಿಸಿದೆ. ಕಪ್ಪು ಫೋಮ್, ಒಂದು ಮುಖಕ್ಕೆ ಬೆಳ್ಳಿ ಹಾಳೆ.

ಎರಡು ದಿನ ಹಳೆಯದನ್ನು ಕೆರೆದೆ. ತಲೆ ಪೆಟ್ಟಿಗೆಯೊಳಗೆ, ಕಾಲು ಹೊರಗೆ. ಥಿನ್ನರ್ ವಾಸನೆಗೆ ತಲೆ ಗಿಮ್ ಅನ್ನುತ್ತಿತ್ತು. ಆಮೇಲೆ ರಟ್ಟು ಇಟ್ಟು ಅಳತೆ ತೆಗೆದು, ಹಾಳೆ ಕತ್ತರಿಸಿ, ಗಾಳಿ ಹೋಗುವ ದಾರಿ ಬಿಟ್ಟು, ಒಂದೊಂದಾಗಿ ಅಂಟಿಸಿದೆ. ಸಂದಿಗೆಲ್ಲ ಟೇಪು. ಕೊನೆಗೆ ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿಯ ಬೀಡಿಂಗ್ ಕೂರಿಸುತ್ತಿದ್ದಾಗ ತಿಮ್ಮೇಶಣ್ಣ ಬಂದು ಎದುರಿಗೆ ನಿಂತ.

"ಅದು ಬ್ಯಾಡ ಕಣೋ ಓಂಕಾರ. ಮುಚ್ಚಳ ಹಂಗೇ ಇರ್ಲಿ."

"ಯಾಕಂತೆ?"

"ಹಂಗೇ ಇರ್ಲಿ ಅಂದೆ."

"ಬೀಡಿಂಗ್ ಇಲ್ದಿದ್ರೆ ಸದ್ದೆಲ್ಲ ಸಂದೀಲೇ ಬತ್ತದೆ. ನಂಗೇ ಕೆಲ್ಸ ಹೇಳ್ಕೊಡ್ತೀಯಾ? ಹೋಗು, ಬೀಡಿ ಸೇದು ಹೋಗು!"

ನನ್ನ ಸಿಟ್ಟು ಊರಿಗೇ ಗೊತ್ತು. ಅವನು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದ. ದುರುಗುಟ್ಟುತ್ತಿದ್ದಾನೆ ಅಂದುಕೊಂಡು ನನಗೆ ಇನ್ನೂ ರೇಗಿತು.

ಮಧ್ಯಾಹ್ನ ಬುತ್ತಿ ತಂದ ಹೇಮಾವತಕ್ಕನೂ ನನ್ನ ಹತ್ತಿರ ಬಂದು, "ಸೊಲ್ಪ ಸದ್ದು ಇರ್ಲಿ ಬಿಡಣ್ಣ. ಪೂರ್ತಿ ಯಾಕೆ ತೆಗೀತೀಯ?" ಅಂದಳು.

"ಗಂಡ ಹೆಂಡ್ತಿ ಇಬ್ರಿಗೂ ಏನಕ್ಕಾ ಬಂದಿರೋದು? ಸದ್ದು ತೆಗೆಯಕ್ಕೇ ಸಾಹುಕಾರ್ರು ಕರೆಸಿರೋದು!"

ಅವಳು ಬಾಯಿ ತೆರೆದಳು, ಅಲ್ಲಿದ್ದ ಲೈಫ್ ಜಾಕೆಟ್ ಕೊಡುವ ಹುಡುಗರನ್ನು ನೋಡಿ ಬುತ್ತಿ ಕೆಳಗಿಟ್ಟು ಹೊರಟಳು. ಅವಳನ್ನು ಆಚೆ ಕರೆದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಬೀಡಿಂಗ್ ಕೂರಿಸಿ, ಮುಚ್ಚಳಕ್ಕೂ ಎರಡು ಪದರ ಫೋಮ್ ಹಾಕಿದೆ.

ಮಾರನೆಯ ಬೆಳಿಗ್ಗೆ ಚಂದ್ರಶೇಖರಪ್ಪ ನೆಂಟರಿಬ್ಬರನ್ನು ಕರೆದುಕೊಂಡು ಬಂದರು. ಎಲ್ಲರೂ ಬೋಟ್ ಹತ್ತಿದೆವು. ತಿಮ್ಮೇಶಣ್ಣ ಕೀ ತಿರುಗಿಸಿದ. ಎಂಜಿನ್ ಹತ್ತಿತು. ಅಷ್ಟು ಮೆಲ್ಲಗೆ ಹತ್ತಿತೆಂದರೆ ಬೋಟಿಗೆ ಬಡಿಯುವ ನೀರಿನ ಸದ್ದೂ ಕೇಳುತ್ತಿತ್ತು.

"ಅಬ್ಬಬ್ಬಾ! ಹೊಲಿಗೆ ಮಿಷಿನ್ ಇಟ್ಟಂಗೆ ಐತಲ್ಲೋ!" ಅಂತ ಸಾಹುಕಾರರು ನಕ್ಕರು. ನಾನು ಉಬ್ಬಿಹೋದೆ.

ತಿಮ್ಮೇಶಣ್ಣ ಅಂಗೈಯನ್ನು ಮುಚ್ಚಳದ ಮೇಲಿಟ್ಟ. ಎಂಜಿನ್ನಿನ ಅದುರು ಹುಡುಕುವವನ ಹಾಗೆ ತೆಗೆದು ಬೇರೆ ಕಡೆ ಇಟ್ಟ. ಒತ್ತಿದ. ಆಮೇಲೆ ಮತ್ತೆ ಕೀ ತಿರುಗಿಸಿದ.

ಓಡುತ್ತಿರುವ ಎಂಜಿನ್ನಿಗೆ ಸ್ಟಾರ್ಟರ್ ಕೊಟ್ಟರೆ ಗೇರಿನ ಹಲ್ಲಿಗೆ ಹಲ್ಲು ಕಡಿದು ಕರ್ರ್ ಅನ್ನುತ್ತದೆ. ಕೇಳಿದವರ ಮೈ ಜುಮ್ಮೆನ್ನುವ ಸದ್ದು ಅದು. ನೆಂಟರು ಕಿವಿ ಮುಚ್ಚಿಕೊಂಡರು.

"ಏಯ್! ಸ್ಟಾರ್ಟ್ ಆಗೈತಲ್ಲೋ! ಕಿವಿ ಕೇಳಲ್ವೇನೋ ನಿಂಗೆ?" ಅಂತ ಕೂಗಿದೆ. ಅವನಿಂದ ಮೂರಡಿ ಹಿಂದೆ ಇದ್ದೆ. ಅವನು ತಿರುಗಲಿಲ್ಲ. ಮೂರನೆಯ ಸಲ ಕೀ ತಿರುಗಿಸಿದ. ಮತ್ತೆ ಅದೇ ಕರ್ರ್.

ಸಾಹುಕಾರರ ನಗು ನಿಂತಿತು. "ತಿಮ್ಮೇಶಾ," ಅಂದರು. ಮತ್ತೆ ಜೋರಾಗಿ, "ತಿಮ್ಮೇಶಾ!" ದಡದಲ್ಲಿದ್ದವರೂ ಸೇರಿ ಎಲ್ಲರೂ ತಿರುಗಿ ನೋಡಿದರು. ಅವನೊಬ್ಬನನ್ನು ಬಿಟ್ಟು.

ಆಮೇಲೆ ಅವನೇ ತಿರುಗಿದ. ಮುಖದ ಮೇಲೆ ಬೆವರು.

"ಬ್ಯಾಟ್ರಿ ಇಳಿದೈತೆ ಅನ್ನಿಸ್ತದೆ ಸಾಹುಕಾರ್ರೇ. ಸ್ಟಾರ್ಟೇ ಆಗ್ತಿಲ್ಲ."

ಎಂಜಿನ್ ಓಡುತ್ತಲೇ ಇತ್ತು. ಅವನು ಒಬ್ಬೊಬ್ಬರ ಮುಖ ನೋಡಿದ, ಕೊನೆಗೆ ನನ್ನದು. ನನ್ನ ಮುಖದಲ್ಲಿ ಏನು ಕಂಡಿತೋ, ಎಂಜಿನ್ ಆರಿಸಿ ಕೀ ಕೈಗೆ ತೆಗೆದುಕೊಂಡು, ಹೋಗಿ ಸಾಹುಕಾರರ ಕೈಗೆ ಕೊಟ್ಟು ಇಳಿದುಹೋದ.

ಚಂದ್ರಶೇಖರಪ್ಪ ಕೆಟ್ಟವರಲ್ಲ. ಕಿವಿಗೆ ಮಿಷಿನ್ ಹಾಕಿಸುತ್ತೇನೆ ಅಂದರು. ಶಿವಮೊಗ್ಗದಲ್ಲಿ ತೋರಿಸಿದರೆ ಡಾಕ್ಟರು, ಒಳಗಿನ ನರವೇ ಹೋಗಿದೆ, ಮಿಷಿನ್ನಿನಿಂದ ಪ್ರಯೋಜನ ಅಷ್ಟಕ್ಕಷ್ಟೇ ಅಂದರಂತೆ. ದಡದಲ್ಲಿ ಲೈಫ್ ಜಾಕೆಟ್ ಕೊಡುವ ಕೆಲಸ ಮಾಡು ಅಂದರೆ ಅವನು ಒಪ್ಪಲಿಲ್ಲ. ತನ್ನ ಬೋಟನ್ನು ಇನ್ನೊಬ್ಬ ಓಡಿಸುವುದನ್ನು ದಿನಾ ನಿಂತು ನೋಡಬೇಕಲ್ಲ. ಹೊಸ ಡ್ರೈವರ್ ಬಂದ ತಿಂಗಳಲ್ಲೇ ಬೋಟನ್ನು ಬೊಡ್ಡೆಗೆ ಹತ್ತಿಸಿ ನೀರೊಳಗಿನ ಫ್ಯಾನಿನ ರೆಕ್ಕೆ ಮುರಿದ. ರಿಪೇರಿಗೆ ನನ್ನನ್ನೇ ಕರೆದರು. ಬೇರೆಯವರನ್ನು ನೋಡಿಕೊಳ್ಳಿ ಅಂದೆ.

ಅವನ ಮನೆಗೆ ಹೋಗುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಹೇಮಾವತಕ್ಕ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಲೋಟ ತೊಳೆಯುತ್ತಾ, "ದಿನಾ ಬೆಳಿಗ್ಗೆ ಆರಕ್ಕೇ ಎದ್ದು ಚಪ್ಲಿ ಹಾಕ್ಕೊಂಡು ಕೂತ್ಕೋತಾರೆ. ಹೋಗದು ಮಾತ್ರ ಎಲ್ಲಿಗೂ ಇಲ್ಲ," ಅಂದಳು.

ತಿಮ್ಮೇಶಣ್ಣ ಜಗಲಿಯ ಮೇಲಿದ್ದ. ತೆಳ್ಳಗಾಗಿದ್ದ. ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಕೇಳದ ಕಿವಿಗೆ ಅದನ್ನು ಹೇಳುವುದು ಹೇಗೆ? ಪಕ್ಕದಲ್ಲಿ ಕೂತೆ. ಅವನೇ ನನ್ನ ಮೊಣಕಾಲು ತಟ್ಟಿದ.

"ಕೆಲ್ಸ ಭಾರಿ ಚೆನ್ನಾಗಿ ಮಾಡಿದ್ದೀಯಂತೆ ಕಣೋ. ಎಲ್ರೂ ಅಂದ್ರಂತೆ. ಎಷ್ಟು ಕಮ್ಮಿ ಆಯ್ತು ಸದ್ದು?"

ನನ್ನ ತುಟಿಯನ್ನೇ ನೋಡುತ್ತಾ ಕಾದ. ಮೆಲ್ಲಗೆ ಹೇಳಿದೆ, ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ, ಇಲ್ಲ ಅಂತ ತಲೆ ಅಲ್ಲಾಡಿಸಿದ. ಕೊನೆಗೆ ಅವನ ಕಿವಿಗೇ ಬಾಯಿಟ್ಟು, ಎದುರು ಮನೆಯವರು ಬಾಗಿಲಿಗೆ ಬಂದು ನೋಡುವ ಹಾಗೆ ಅರಚಿದೆ:

"ಏನೂ ಕೇಳ್ಸಲ್ಲ ಕಣಣ್ಣಾ! ಒಂಚೂರೂ ಕೇಳ್ಸಲ್ಲ!"